ನಲವತ್ತೊಂದು ಚಂದ್ರರ ಕ್ಯಾಲೆಂಡರು

2007ರ ಸೆಪ್ಟೆಂಬರ್ 3, ಸೋಮವಾರ. ಆ ದಿನದ ನನ್ನ ದಿನಚರಿಯಲ್ಲಿ ನಾಲ್ಕೇ ಸಾಲುಗಳಿವೆ: 'ಕಂಪ್ಲಿಯ ಅಕ್ಕಿ ಮಿಲ್ಲಿನ ಮಾಲೀಕರು ಬಂದಿದ್ದರು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, 1,500 ಪ್ರತಿ, ಡಿಸೆಂಬರ್ 20ರೊಳಗೆ. ಪ್ರತಿ ಹಾಳೆಯಲ್ಲೂ ಆ ದಿನ ಹಿಂದೆ ನಡೆದ ಒಂದು ಸಂಗತಿ ಬೇಕು. ಮುಂದಿನದು ಅಧಿಕ ವರ್ಷ, ಒಟ್ಟು 366.'

ಹೊಸಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು, ಕರಡು ತಿದ್ದುವುದು ನನ್ನ ಕೆಲಸ. ಮಿಲ್ಲಿನ ಮಾಲೀಕರು ಬಂದಾಗ ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಐವತ್ತು ದಾಟಿದ, ದೊಡ್ಡ ದನಿಯ ಮನುಷ್ಯ.

"ಅದಿರು ಗಣಿಯವರ ಕ್ಯಾಲೆಂಡರ್ ಈಗ ಮನಿಗೆ ಹತ್ತು ಬರ್ತಾವ್ರಿ, ಗ್ವಾಡಿ ಸಾಲಂಗಿಲ್ಲ," ಎಂದರು ನಮ್ಮ ಪ್ರೆಸ್ಸಿನ ಮಾಲೀಕರಿಗೆ. "ನಮ್ದು ಮಾತ್ರ ವರ್ಷ ಪೂರ್ತಿ ಮೊಳಿಯಿಂದ ಕೆಳಗ ಇಳೀಬಾರ್ದು. ಅಂಥಾದ್ದೇನರ ಮಾಡ್ರಿ. ಮತ್ತ ಬರೇ ದಿಲ್ಲಿದು, ಲಂಡನ್ದು ತುಂಬಬ್ಯಾಡ್ರಿ. ನಮ್ಮ ಕಂಪ್ಲಿಯಾಗೂ ಏನೇನೋ ಆಗೇತಿ."

ನಮ್ಮ ಮಾಲೀಕರು ನನ್ನ ಕಡೆ ಕೈ ತೋರಿಸಿದರು. "ನಮ್ಮ ಹುಡುಗಿ ಅದಾಳಲ್ರಿ. ದಿನಾ ಎಷ್ಟು ಲಾರಿ ಹಾದವು ಅಂತನೂ ಬರದಿಡ್ತಾಳ."

ಲಾರಿ ಎಣಿಸಿದ್ದು ಒಂದೇ ವಾರ, ಅದೂ ಹೆದ್ದಾರಿ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯಲು. ಅಂತೂ ಕೆಲಸ ನನಗೆ ಬಂತು.

ಅಂದು ಸಂಜೆಯೇ ಉದ್ದನೆಯ ರಿಜಿಸ್ಟರ್ ಒಂದಕ್ಕೆ ಗೆರೆ ಹಾಕಿದೆ. ಪುಟಕ್ಕೆ ಹದಿನಾರು ಸಾಲು, ಏಕೆಂದರೆ ಯಂತ್ರಕ್ಕೆ ಹೋಗುವ ದೊಡ್ಡ ಕಾಗದದ ಮೇಲೆ ಕ್ಯಾಲೆಂಡರಿನ ಹದಿನಾರು ಹಾಳೆ ಕೂರುತ್ತವೆ. ಹೀಗೆ ಒಟ್ಟಿಗೆ ಅಚ್ಚಾಗುವ ಹದಿನಾರು ಹಾಳೆಗೆ ಪ್ರೆಸ್ಸಿನಲ್ಲಿ ಒಂದು ಫಾರಂ ಎನ್ನುತ್ತೇವೆ. 366 ದಿನ, ಮೇಲೊಂದು ಮುಖಪುಟ, ಕೊನೆಗೊಂದು ಖಾಲಿ ಹಾಳೆ: 368. ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಇಪ್ಪತ್ತಮೂರು ಫಾರಂ. ಏನೂ ಉಳಿಯಲಿಲ್ಲ. ಅಂಥ ಲೆಕ್ಕ ಕಂಡರೆ ನನಗೆ ಆ ಕೆಲಸದ ಮೇಲೆ ನಂಬಿಕೆ ಬರುತ್ತದೆ.

ಹೊರಗಿನ ಸಂಗತಿಗಳಿಗೆ ಗ್ರಂಥಾಲಯಕ್ಕೆ ಹೋದೆ. ಎರಡು ಪುಸ್ತಕ ಒಂದೇ ತಾರೀಖು ಹೇಳಿದರೆ ಮಾತ್ರ ಬರೆದುಕೊಳ್ಳುವುದು ಎಂದು ನಿಯಮ ಮಾಡಿಕೊಂಡೆ. ಅದು ಎಲ್ಲ ಕಡೆ ನಡೆಯಲಿಲ್ಲ. ವಿಜಯನಗರ ಸೋತ ಯುದ್ಧಕ್ಕೇ ಒಂದು ಪುಸ್ತಕ 1565ರ ಜನವರಿ 23 ಎಂದರೆ ಇನ್ನೊಂದು 26 ಎನ್ನುತ್ತಿತ್ತು. ಹಂಪಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಮ್ಮದೇ ಊರಿನ ದೊಡ್ಡ ದಿನ ನಮಗೆ ಖಚಿತವಿಲ್ಲ ಎಂದು ನನಗೆ ಬೇಸರವಾಯಿತು. ಅಚ್ಚಿನ ಯಂತ್ರ ನಡೆಸುವ ಅಣ್ಣ, ಇಪ್ಪತ್ತು ವರ್ಷದಿಂದ ಅದೇ ಪ್ರೆಸ್ಸಿನಲ್ಲಿರುವವನು, ಸಮಾಧಾನ ಹೇಳಿದ: "ಅಷ್ಟು ದೊಡ್ಡ ಯುದ್ಧಕ್ಕ ಮೂರು ದಿನನರ ಬ್ಯಾಡೇನು ತಂಗಿ?" ನಾನು 23ಕ್ಕೆ ಹಾಕಿ 'ಹೆಚ್ಚಿನವರ ಮತ' ಎಂದು ಸೇರಿಸಿದೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ಪುಸ್ತಕಗಳಲ್ಲಿ ಜುಲೈ 20. ಆದರೆ ಆ ಹೊತ್ತಿಗೆ ನಮ್ಮಲ್ಲಿ 21 ಆಗಿತ್ತು. ಕ್ಯಾಲೆಂಡರು ತೂಗುವುದು ಕಂಪ್ಲಿಯ ಗೋಡೆಯ ಮೇಲೆ ಎಂದು 21ಕ್ಕೆ ಹಾಕಿದೆ. ಅಷ್ಟು ಸೂಕ್ಷ್ಮವಾಗಿ ನೋಡಿದವಳು ಮುಂದೆ ಎಂಥ ತಪ್ಪು ಮಾಡಿದೆ ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಟೋಬರ್ 10ರ ಹೊತ್ತಿಗೆ ಹೊರಗಿನ ಸಂಗತಿ 306 ಆದವು. ಉಳಿದ ಅರವತ್ತು ಹಾಳೆಗಳನ್ನು ನಮ್ಮ ಕಡೆಯ ಜನರಿಗಾಗಿ ಬಿಟ್ಟೆ.

ಅವುಗಳಿಗಾಗಿ ಭಾನುವಾರಗಳಂದು ಹೊರಟೆ. ದೋಣಿಮಲೈ ಗಣಿಯ ಕ್ವಾರ್ಟರ್ಸಿನವರು ಸುಲಭವಾಗಿ ಕೊಟ್ಟರು. ಅವರೆಲ್ಲ ತಾರೀಖಿನ ಜನ. ಶಾಲೆಯ ಬಸ್ಸು ಮೊದಲ ಸಲ ಗುಡ್ಡ ಹತ್ತಿದ ದಿನ, ಮೊದಲ ಟಿ.ವಿ. ಬಂದ ದಿನ, ಎಲ್ಲ ಕಾಗದದಲ್ಲಿತ್ತು. ಅಲ್ಲಿಂದ, ಹೊಸಪೇಟೆಯಿಂದ ಸೇರಿ ಹತ್ತೊಂಬತ್ತು. ಮಿಕ್ಕ ನಲವತ್ತೊಂದು ಜನ ಹಾಗಲ್ಲ. ಹಂಪಿ ಬಜಾರಿನ ಕಲ್ಲು ಮಂಟಪದಲ್ಲಿ ಚಹಾ ಮಾರುವ ಅಕ್ಕ, ತನ್ನ ಅತ್ತೆ ಮೊದಲ ಸಲ ಒಬ್ಬ ವಿದೇಶಿಗೆ ಚಹಾ ಕೊಟ್ಟದ್ದು ಶ್ರಾವಣದ ಎರಡನೆಯ ಸೋಮವಾರ, ಪಂಚಮಿ ಆಗಿ ಮೂರನೆಯ ದಿನ ಎಂದಳು. ಸಂಡೂರಿನ ಒಬ್ಬ ರೈತನ ಕಳೆದುಹೋದ ಎತ್ತು ಮರಳಿ ಸಿಕ್ಕಿದ್ದು ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಎಡೆ ಎರಚಿ ಚರಗ ಚೆಲ್ಲುವಾಗ. ಎಲ್ಲರಿಗೂ ಒಂದೇ ಮಾತು ಹೇಳಿದೆ: "ನಿಮ್ಮ ದಿನದ ಹಾಳ್ಯಾಗ ನಿಮ್ಮ ಸಂಗತಿ ಅಚ್ಚಾಗ್ತದ್ರಿ." ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಟಿಕ್ ಹಾಕಿದೆ.

ಎಲ್ಲಕ್ಕಿಂತ ಚೆಂದದ ಸಂಗತಿ ಸಿಕ್ಕಿದ್ದು ಮಿಲ್ಲಿನ ಮನೆಯಲ್ಲೇ, ಮಾಲೀಕರ ತಾಯಿಯಿಂದ. ಎಪ್ಪತ್ತು ದಾಟಿದ್ದರು. ಎಲ್ಲರೂ ಅವ್ವ ಎನ್ನುತ್ತಿದ್ದರು, ನಾನೂ ಅವ್ವ ಎಂದೆ.

"ನಾ ಹಡ್ಯಾಕ ತವರಿಗೆ ಹೊಂಟಿದ್ದೆ," ಎಂದರು ಅವ್ವ. "ನನ್ನ ತವರು ಹೊಳಿ ಆಚಿ, ಗಂಗಾವತಿ ಕಡಿ. ಏಳು ತಿಂಗಳಿಗೇ ಕಳಿಸಬೇಕಿತ್ತು. ನಮ್ಮತ್ತಿ, ಭತ್ತ ಬಂದಾವ, ಇನ್ನ ಎಂಟು ದಿನ, ಇನ್ನ ಎಂಟು ದಿನ ಅಂತ ಒಂಬತ್ತಕ್ಕ ತಂದಳು. ಹರಗೋಲು ನಡು ನೀರಾಗ ಇತ್ತು. ಈ ಕಡಿ ದಂಡಿಮ್ಯಾಗ ಹಲಗಿ ಬಾರಸಾಕ ಹತ್ತಿದ್ರು. ಯಾಕಪಾ ಅಂದ್ರ ಹರಗೋಲದವ ಹೇಳಿದ: ಇವತ್ತಿಂದ ನಾವು ಮದ್ರಾಸಿನವರಲ್ಲ, ಮೈಸೂರಿಗೆ ಸೇರಿದ್ವಿ ಅಂತ. ಅಷ್ಟು ಕೇಳಿದ್ದೇ ತಡ, ಇವ ಹೊರಗ ಬಂದ."

ಇವ ಎಂದರೆ ಎದುರಿಗೆ ಅಡಿಕೆ ಕತ್ತರಿಸುತ್ತ ಕೂತಿದ್ದ ಮಿಲ್ಲಿನ ಮಾಲೀಕರು. "ಆಚಿ ದಂಡಿ ಆವಾಗ ಹೈದ್ರಾಬಾದ್," ಎಂದರು ಅವರು. "ಹೊಂಟದ್ದು ಮೈಸೂರಿನಿಂದ, ಮುಟ್ಟಬೇಕಾದದ್ದು ಹೈದ್ರಾಬಾದಿಗೆ. ನಾ ಹುಟ್ಟಿದ್ದು ಯಾವ ರಾಜ್ಯ ಅಂತ ಇನ್ನೂ ತೀರ್ಮಾನ ಆಗಿಲ್ಲ ನೋಡ್ರಿ."

"ತಾರೀಖು?" ಎಂದೆ.

"ತಾರೀಖು ನನಗೇನು ಗೊತ್ತವಾ. ಭಾದ್ರಪದ, ಬಹುಳ ಅಷ್ಟಮಿ." ಅವ್ವ ನನ್ನ ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಇದನ್ನ ಬರಿ. ಉಳಿದದ್ದು ಬಿಟ್ರೂ ನಡೀತದ, ಇದು ಬಿಡಬ್ಯಾಡ. ಸಾಲ್ಯಾಗ ಮಾಸ್ತರು ಇವನದು ಜೂನ್ ಒಂದು ಅಂತ ಬರದಾರ. ಎಲ್ಲಾ ಕಾಗದದಾಗ ಅದೇ ಸುಳ್ಳು. ಒಂದು ಕಾಗದದಾಗರ ಖರೇ ಇರ್ಲಿ."

ಮಾತು ಕೊಟ್ಟೆ.

ಈ ನಲವತ್ತೊಂದು ತಿಥಿಗಳನ್ನು ತಾರೀಖಿಗೆ ತಿರುಗಿಸಬೇಕಿತ್ತು. ಅದಕ್ಕೆ ಕಂಪ್ಲಿಯ ಅಯ್ಯನವರ ಬಳಿ ಹೋದೆ. ಸುತ್ತಲಿನ ಮನೆಗಳ ಪೂಜೆ, ತಿಥಿ, ಮುಹೂರ್ತ ಎಲ್ಲ ಅವರೇ ನೋಡುವುದು. ಕ್ಯಾಲೆಂಡರಿನ ಪ್ರತಿ ಹಾಳೆಯ ತಲೆಯ ಮೇಲೆ 2008ರ ತಿಥಿ ಅಚ್ಚಾಗಬೇಕಿತ್ತಲ್ಲ, ಅದರ ಪಟ್ಟಿಯನ್ನು ಪಂಚಾಂಗ ಬರೆಯುವವರಿಂದ ಮುಂಚಿತವಾಗಿ ತರಿಸಿದ್ದೆವು. ಆ ಪಟ್ಟಿಯನ್ನೂ ಅಯ್ಯನವರಿಗೆ ತೋರಿಸಿ ತಪ್ಪು ನೋಡಿಸಿಕೊಂಡೆ. ಆಮೇಲೆ ರಿಜಿಸ್ಟರು ತೆರೆದು ಒಂದೊಂದೇ ತಿಥಿ ಓದಿದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ ತಾರೀಖು ಹೇಳಿದರು. ನಾನು ಬರೆದುಕೊಂಡೆ. ನಲವತ್ತೊಂದಕ್ಕೆ ಐವತ್ತು ನಿಮಿಷ. ಭಾದ್ರಪದ ಬಹುಳ ಅಷ್ಟಮಿ, ಸೆಪ್ಟೆಂಬರ್ 22. ಅಲ್ಲಿಗೆ 366 ತುಂಬಿತು.

ನವೆಂಬರ್ 14, ಬುಧವಾರ ಅಚ್ಚು ಶುರುವಾಯಿತು. ಆಗ ನಮ್ಮ ರಸ್ತೆಯಲ್ಲಿ ಹಗಲಿಡೀ ಅದಿರು ಲಾರಿಗಳ ಕೆಂಪು ದೂಳು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿರುತ್ತಿದ್ದೆವು, ಆದರೂ ಬೆಳಿಗ್ಗೆ ಯಂತ್ರ ಒರೆಸಿದ ಬಟ್ಟೆ ಕುಂಕುಮ ಒರೆಸಿದಂತೆ ಕಾಣುತ್ತಿತ್ತು. ಕರೆಂಟು ದಿನಕ್ಕೆ ಎರಡು ಸಲ ಹೋಗುತ್ತಿತ್ತು. ಹಾಗಿದ್ದೂ ಏಳು ದಿನದಲ್ಲಿ ಏಳು ಫಾರಂ ಮುಗಿದವು. ಏಪ್ರಿಲ್ 20ರವರೆಗಿನ ಹಾಳೆಗಳು.

ನವೆಂಬರ್ 21ರ ಸಂಜೆ ಮುಂದಿನ ಫಾರಂಗಳ ಕರಡು ನೋಡುತ್ತಿದ್ದೆವು. ನಮ್ಮಲ್ಲಿ ಕೊನೆಯ ಕರಡನ್ನು ಇಬ್ಬರು ನೋಡುವ ಪದ್ಧತಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಕಣ್ಣಿಡಬೇಕು. ನಾನು ಓದುತ್ತಿದ್ದೆ. ಯಂತ್ರದ ಅಣ್ಣ ರಿಜಿಸ್ಟರು ಹಿಡಿದಿದ್ದ. ಹದಿನೇಳನೆಯ ಫಾರಂನಲ್ಲಿ ಸೆಪ್ಟೆಂಬರ್ 22: 'ಕಂಪ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಹೊಳೆಯ ನಡುವೆ ಹರಿಗೋಲಿನಲ್ಲಿ ಗಂಡು ಮಗು ಹುಟ್ಟಿತು.' ಮುಂದುವರಿದೆ. ಹದಿನೆಂಟನೆಯ ಫಾರಂ. ಅಕ್ಟೋಬರ್ 1: '1953. ಬಳ್ಳಾರಿ ಜಿಲ್ಲೆಯ ನಮ್ಮ ತಾಲ್ಲೂಕುಗಳು ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು.'

ಅಣ್ಣ ತಲೆ ಎತ್ತಿದ. "ಏನ್ ತಂಗಿ, ನಾವು ಎರಡು ಸಲ ಸೇರಿದ್ವೇನು ಮೈಸೂರಿಗೆ? ಒಂದ್ಸಲ ಸೇರಿ, ಊಟ ಸೇರಲಿಲ್ಲ ಅಂತ ವಾಪಸ್ ಬಂದಿದ್ವೇನು?"

ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಎರಡೂ ನಾನೇ ಬರೆದದ್ದು. ಅಕ್ಟೋಬರ್ 1 ಮೂರು ಪುಸ್ತಕಗಳಲ್ಲಿತ್ತು, ಅದು ತಪ್ಪಲ್ಲ. ಹಾಗಾದರೆ ಸೆಪ್ಟೆಂಬರ್ 22 ಎಲ್ಲಿಂದ ಬಂತು? ತಿಥಿ ಪಟ್ಟಿ ತೆಗೆದೆ. ಭಾದ್ರಪದ ಬಹುಳ ಅಷ್ಟಮಿ, ಸೆಪ್ಟೆಂಬರ್ 22, 2008. ಪಟ್ಟಿಯ ತಲೆಯ ಮೇಲೆ ದೊಡ್ಡದಾಗಿ 2008 ಎಂದಿತ್ತು. ಅಯ್ಯನವರು ಕೊಟ್ಟದ್ದು ಅವ್ವ ಹಡೆದ ವರ್ಷದ ಅಷ್ಟಮಿಯ ತಾರೀಖಲ್ಲ, ಬರುವ ವರ್ಷದ ಅಷ್ಟಮಿಯದು. ಒಂದಲ್ಲ, ನಲವತ್ತೊಂದೂ ಹಾಗೆಯೇ.

ಎಳ್ಳಮಾವಾಸ್ಯೆ ವರ್ಷ ವರ್ಷ ಬೇರೆ ತಾರೀಖಿಗೆ ಬರುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎತ್ತು ಸಿಕ್ಕಿದ ಸಂಗತಿಯನ್ನು ಜನವರಿ 8ಕ್ಕೆ ಬರೆಯುವಾಗ ಕೈ ನಿಲ್ಲಲಿಲ್ಲ. ರಿಜಿಸ್ಟರಿನಲ್ಲಿ ಸಂಖ್ಯೆ, ಹೇಳಿದವರು, ಸಂಗತಿ, ತಿಥಿ, ತಾರೀಖು ಎಂದು ಐದು ಕಾಲಂ ಇದ್ದವು. ಅದು ಯಾವ ವರ್ಷದ ತಾರೀಖು ಎಂಬ ಕಾಲಂ ನಾನು ಹಾಕಿರಲಿಲ್ಲ. ಕಾಲಂ ಇಲ್ಲದ್ದನ್ನು ನಾನು ಕೇಳುವುದಿಲ್ಲ, ನನ್ನ ಸ್ವಭಾವವೇ ಅಂಥದ್ದು.

ನಮ್ಮ ಮಾಲೀಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ತಪ್ಪು ಯಾರದು?"

"ನಂದೇ ರಿ."

"ಎಷ್ಟು ಅಚ್ಚಾಗ್ಯಾವ?"

"ನಲವತ್ತೊಂದ್ರಾಗ ಹನ್ನೊಂದು. ಮೂವತ್ತು ಇನ್ನೂ ಕರಡಿನಾಗ ಅದಾವ."

"ಹಂಗಾರ ಆತಲ್ಲ," ಎಂದರು. "ಆ ಮೂವತ್ತು ತಗದು ಒಗಿ. ಯಾವನರ ಹುಟ್ಟಿದ್ದು, ಯಾವನರ ಸತ್ತದ್ದು ತುಂಬು. ಹನ್ನೊಂದು ಹಂಗಾ ಇರ್ಲಿ. ಎತ್ತು ಸಿಕ್ಕದ್ದು ಯಾವ ತಾರೀಖು ಅಂತ ಯಾರು ಕೇಳ್ತಾರ?"

"ಅವರಿಗೆಲ್ಲಾ ಹೇಳೀನ್ರಿ, ಅಚ್ಚಾಗ್ತದ ಅಂತ."

"ನೀ ಹೇಳೀದಿ. ನಾ ಹೇಳಿಲ್ಲ."

ಅವರು ಕೆಟ್ಟವರಲ್ಲ. ಆ ವರ್ಷ ತಂದ ಯಂತ್ರಕ್ಕೆ ಇದು ಮೊದಲ ದೊಡ್ಡ ಕೆಲಸ, ದಿನ ಓಡುತ್ತಿದ್ದವು. ಆದರೆ ನನಗೆ ಎರಡೂ ಕಡೆ ತಪ್ಪು ಕಾಣಿಸಿತು. ಮೂವತ್ತು ಜನರಿಗೆ ಹಾಳೆಯೇ ಇಲ್ಲ, ಹನ್ನೊಂದು ಜನರಿಗೆ ಸುಳ್ಳು ಹಾಳೆ. ಅವ್ವನ ಅಷ್ಟಮಿ ಆ ಮೂವತ್ತರಲ್ಲಿತ್ತು. ಒಂದು ದಿನ ಕೊಡಿ, ಕಂಪ್ಲಿಗೆ ಹೋಗಿ ಬರುತ್ತೇನೆ ಎಂದೆ.

"ನಾಳೆ ಸಂಜೀ ತನಕ," ಎಂದರು. "ಅಲ್ಲಿವರೆಗೂ ಮಷೀನಿಗೆ ಮದುವಿ ಕಾರ್ಡು ಹಾಕ್ತೀನಿ. ಬಂದು ಆಗಲ್ಲ ಅಂದ್ರ, ಮೂವತ್ತೂ ತಗೀತೀನಿ. ಮತ್ತ ಮಾತಿಲ್ಲ."

ಮರುದಿನ ಮೊದಲ ಬಸ್ಸಿಗೆ ಹೋದೆ. ಮೊದಲು ಅಯ್ಯನವರ ಮನೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ತಪ್ಪು ಅವರ ಮೇಲೆ ಬೀಳಬಾರದು. ಅವರು ಪೂರ್ತಿ ಕೇಳಿ ನಕ್ಕರು.

"ನೀ ಏನು ಕೇಳಿದಿ ತಂಗಿ? ಈ ತಿಥಿ ಯಾವಾಗ ಬರ್ತದ್ರಿ ಅಂದಿ. ಬರೋದು ಹೇಳಿದೆ. ನನ್ನತ್ರ ಬರೋ ಮಂದಿ ಎಲ್ಲಾ ಅದನ್ನ ಕೇಳೋದು. ಅಪ್ಪನ ದಿನ ಈ ಸಲ ಯಾವಾಗ ಬಂತು, ಗುರುವಿನ ದಿನ ಯಾವಾಗ ಬಂತು ಅಂತ. ಹೋದದ್ದು ಯಾರೂ ಕೇಳಂಗಿಲ್ಲ. ಹೋದದ್ದನ್ನ ತಗೊಂಡು ಏನು ಮಾಡ್ತಾರ?"

"ಹಳೇದು ತೆಗೀಬಹುದೇನ್ರಿ?"

ತಮ್ಮ ತಂದೆಯ ಕಾಲದ ಪಂಚಾಂಗಗಳಿದ್ದ ಟ್ರಂಕನ್ನು ತೆರೆದರು. ಇಬ್ಬರೂ ಕೂತು, ಜನ ಹೇಳಿದ ವರ್ಷ ನೋಡಿಕೊಂಡು ಜೋಡಿಸಿದೆವು. ನನಗೆ ಬೇಕಾದ ನಲವತ್ತೊಂದರಲ್ಲಿ ಹದಿನೇಳಕ್ಕೆ ಮಾತ್ರ ಪಂಚಾಂಗ ಸಿಕ್ಕಿತು. ಉಳಿದವನ್ನು ಗೆದ್ದಲು ತಿಂದಿತ್ತು. 1953ರದ್ದು ಸಿಕ್ಕಿತು. ಭಾದ್ರಪದ ಬಹುಳ ಅಷ್ಟಮಿ, ಗುರುವಾರ, ಅಕ್ಟೋಬರ್ 1. ಅವ್ವ ಒಂದಕ್ಷರ ತಪ್ಪು ಹೇಳಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅಯ್ಯನವರೂ ಜೊತೆಗೆ ಬಂದರು. ಮಿಲ್ಲಿನ ಮನೆಯ ಪಡಸಾಲೆಯಲ್ಲಿ ಎರಡು ಕರಡು ಹಾಳೆ ಹರಡಿದೆ. ತಪ್ಪಾಗಿದೆ ಎಂದೆ, ಹೇಗಾಯಿತು ಎಂದೂ ಹೇಳಿದೆ. ನಂತರ ನನ್ನ ಪ್ರಕಾರ ಒಳ್ಳೆಯ ಸುದ್ದಿ: "ಅವ್ವಾರ, ನಿಮ್ಮದಕ್ಕ ಖರೇ ತಾರೀಖು ಸಿಕ್ಕೈತ್ರಿ. ಅಕ್ಟೋಬರ್ ಒಂದು. ಈ ಹಾಳಿಗೆ ಹಾಕ್ತೀವಿ."

ಮಿಲ್ಲಿನ ಮಾಲೀಕರು ಕೈ ತಟ್ಟಿದರು. "ಮಸ್ತ್ ಆತು! ಐವತ್ನಾಕು ವರ್ಷಕ್ಕ ನನಗೊಂದು ತಾರೀಖು ಬಂತು."

ಅವ್ವನ ಮುಖ ಮಾತ್ರ ಗಂಟಾಯಿತು. "ಅವತ್ತು ತಿಥಿ ಯಾವುದು?"

"ಯಾವತ್ತು ರಿ?"

"ಬರೋ ವರ್ಷ, ನೀ ಹೇಳೋ ಆ ಒಂದನೇ ತಾರೀಖು."

ಪಟ್ಟಿ ನೋಡಿದೆ. ಅಮಾವಾಸ್ಯೆ ಕಳೆದು ಎರಡನೆಯ ದಿನ. ಹೇಳಿದೆ.

"ಅದು ನನ್ನ ಮಗನ ದಿನ ಹೆಂಗಾಗ್ತದ?" ಎಂದರು ಅವ್ವ. "ಐವತ್ನಾಕು ಸಲ ಅಷ್ಟಮಿಗೇ ಇವನ ನೆತ್ತಿಗೆ ಎಣ್ಣಿ ಇಟ್ಟೀನಿ. ಜೂನ್ ಒಂದು ಮಾಸ್ತರು ಹುಟ್ಟಿಸಿದ್ದು. ಅಕ್ಟೋಬರ್ ಒಂದು ಈಗ ನೀ ಹುಟ್ಟಿಸಾಕ ಬಂದಿ. ನಾ ಹಡದದ್ದು ಅಷ್ಟಮಿಗೆ. ಅವತ್ತಿನ ಹಾಳ್ಯಾಗ ಇದ್ದದ್ದು ಅಲ್ಲೇ ಇರ್ಲಿ."

"ಆದ್ರ ಅದು ತಪ್ಪಾಗ್ತದಲ್ರಿ ಅವ್ವಾರ. ತಾರೀಖು ಬ್ಯಾರೆ."

"ತಾರೀಖು ಬ್ಯಾರೆ, ದಿನ ಅದೇ," ಎಂದರು, ಮಗುವಿಗೆ ಹೇಳುವಂತೆ. "ಏನ್ರಿ ಅಯ್ಯಾರ, ಈಗಿನ ಹುಡುಗ್ಯಾರಿಗೆ ಇಷ್ಟೂ ಹೇಳಿಕೊಡಬೇಕೇನು?"

ನಾನು ಹಿಂದಿನ ರಾತ್ರಿಯಿಂದ ಒಂದೇ ದಿಕ್ಕಿನಲ್ಲಿ ಯೋಚಿಸಿದ್ದೆ: ಈ ತಪ್ಪನ್ನು ತಿದ್ದಬೇಕು ಅಥವಾ ತೆಗೆಯಬೇಕು. ಅವ್ವ ಹೇಳಿದ ಮೇಲೆ ರಿಜಿಸ್ಟರಿನ ನಲವತ್ತೊಂದು ಸಾಲನ್ನು ಮತ್ತೆ ಓದಿದೆ. ಅವರಲ್ಲಿ ಒಬ್ಬರೂ ನನಗೆ ತಾರೀಖು ಕೊಟ್ಟಿರಲಿಲ್ಲ. ಅವರು ಕೊಟ್ಟದ್ದು ತಿಥಿ. ಅಯ್ಯನವರು ಆ ತಿಥಿ ಬರುವ ಹಾಳೆಯನ್ನೇ ತೋರಿಸಿದ್ದರು. ಸಂಗತಿಗಳು ಸರಿಯಾದ ಹಾಳೆಯಲ್ಲೇ ಕೂತಿದ್ದವು. ಓದುವವನಿಗೆ ಅದು ತಿಳಿಯುವಂತಿರಲಿಲ್ಲ, ಅಷ್ಟೇ. ಉಳಿದ 325 ತಾರೀಖಿನ ಲೆಕ್ಕ, ಈ 41 ತಿಥಿಯ ಲೆಕ್ಕ, ಎರಡರ ಮೇಲೂ ಒಂದೇ ತಲೆಬರಹ. ಯಾವುದು ಯಾವ ಲೆಕ್ಕದ್ದು ಎಂದು ಒಂದು ಗುರುತು ಬೇಕಿತ್ತು.

ಎಂಥ ಗುರುತು ಎಂಬುದು ಮರಳುವ ಬಸ್ಸಿನಲ್ಲಿ ಹೊಳೆಯಿತು. ಕಮಲಾಪುರದ ಹತ್ತಿರ ಅದಿರಿನ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ನಲವತ್ತು ನಿಮಿಷ ಕೂತೆವು. ಕಿಟಕಿಯ ಆಚೆ ಹೊಲದ ಬದುವಿನಲ್ಲಿ ಒಂದು ಶಾಸನದ ಕಲ್ಲು. ನಮ್ಮ ಕಡೆ ಅಂಥ ಕಲ್ಲು ಎಷ್ಟೋ, ಯಾರೂ ತಿರುಗಿ ನೋಡುವುದಿಲ್ಲ. ಅಕ್ಷರ ಸವೆದಿತ್ತು. ತಲೆಯ ಮೇಲೆ ಕೆತ್ತಿದ್ದ ಸೂರ್ಯ, ಚಂದ್ರ ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು. ತಾರೀಖು ಸೂರ್ಯನದು, ತಿಥಿ ಚಂದ್ರನದು. ಎರಡೂ ಬೇಕಿಲ್ಲ, ಚಂದ್ರ ಒಂದಿದ್ದರೆ ಸಾಕು ಎಂದುಕೊಂಡೆ. ಟಿಕೆಟಿನ ಹಿಂದೆ ಸಣ್ಣ ಅರ್ಧಚಂದ್ರ ಬರೆದು, ಅಚ್ಚಿನಲ್ಲಿ ಎಷ್ಟು ಅಗಲ ಇರಬೇಕೆಂದು ಬೆರಳಿನಿಂದ ಅಳೆದೆ.

ಸಂಜೆ ಐದೂವರೆಗೆ ಪ್ರೆಸ್ಸಿನಲ್ಲಿ ಮಾಲೀಕರ ಮುಂದೆ ನಿಂತು ಹೇಳಿದೆ. ಉಳಿದ ಹದಿನಾರು ಫಾರಂಗಳಲ್ಲಿ ಮೂವತ್ತು ಚಂದ್ರರನ್ನು ಕಂಪ್ಯೂಟರಿನಲ್ಲೇ ಸೇರಿಸುತ್ತೇನೆ. ಅಚ್ಚಾದ ಏಳು ಫಾರಂಗಳನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಿ, ಬರೀ ಚಂದ್ರನಿರುವ ಪ್ಲೇಟಿನಿಂದ ಮೇಲಚ್ಚು ಒತ್ತಬೇಕು. ಕಾಗದ ಒಂದೂ ಹಾಳಾಗುವುದಿಲ್ಲ.

ಮಾಲೀಕರು ಯಂತ್ರದ ಅಣ್ಣನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡ. "ಆಗ್ತದ್ರಿ. ಐದು ಫಾರಂ ಆಗ್ತದ. ಜನವರಿ ಆಗಲ್ಲ."

"ಯಾಕ?"

"ಮದುವಿ ಕಾರ್ಡು ಕೊಯ್ಯಾಕ ಕಟಿಂಗ್ ಮಷೀನಿಗೆ ಕುಂತಿದ್ನಲ್ರಿ, ಕೈಯೊಡನೆ ಮೊದಲಿನ ಎರಡು ಫಾರಂನೂ ಕೊಯ್ದೆ. ಮುಖಪುಟ, ಜನವರಿ ಎಲ್ಲಾ ಬಿಡಿ ಹಾಳಿ ಆಗ್ಯಾವ. ಕೊಯ್ದ ಹಾಳಿ ಮಷೀನು ಹಿಡ್ಯಂಗಿಲ್ಲ."

ಜನವರಿಯಲ್ಲಿ ತಿಥಿಯ ಸಂಗತಿ ಮೂರಿದ್ದವು. ಮೂರು ಹಾಳೆ, 1,500 ಪ್ರತಿ: 4,500. "ರಬ್ಬರ್ ಮೊಹರು ಮಾಡಿಸ್ತೀನ್ರಿ," ಎಂದೆ. "ನಾನೇ ಕೈಲೆ ಹೊಡೀತೀನಿ."

ಮಾಲೀಕರು ನನ್ನನ್ನು, ಗೋಡೆಯ ಗಡಿಯಾರವನ್ನು ನೋಡಿದರು. "ಇವತ್ತು ಇಪ್ಪತ್ತೆರಡು. ಮಂಗಳವಾರದೊಳಗ ಮುಗಿಸ್ತಿಯೇನು?"

"ಮುಗಿಸ್ತೀನ್ರಿ."

"ಆಗಲಿ, ಹೊಡಿ."

ಶನಿವಾರದಿಂದ ಮಂಗಳವಾರದವರೆಗೆ ನನ್ನ ದಿನಚರಿಯಲ್ಲಿ ಬರೀ ಅಂಕಿಗಳಿವೆ. ಮೊದಲ ಐವತ್ತು ಹಾಳೆ ಕೆಟ್ಟವು. ಮೊಹರಿನ ನೀಲಿ ಶಾಯಿ ತೆಳು ಕಾಗದದಲ್ಲಿ ಹರಡಿ ಚಂದ್ರ ಹೀರೇಕಾಯಿಯಂತಾದ. ಆಮೇಲೆ ಅಚ್ಚಿನ ಮಸಿಯನ್ನೇ ಗಾಜಿನ ಮೇಲೆ ತೆಳ್ಳಗೆ ಸವರಿ, ಅದಕ್ಕೆ ಮೊಹರು ಮುಟ್ಟಿಸಿ ಒತ್ತಿದೆ. ಚೊಕ್ಕವಾಗಿ ಬಂತು. ಆದರೆ ಒಣಗಲು ಹೊತ್ತು ಬೇಕು, ಒಂದರ ಮೇಲೊಂದು ಇಡುವಂತಿಲ್ಲ. ಬೈಂಡಿಂಗ್ ಮಾಡುವ ಇಬ್ಬರು ಅಕ್ಕಂದಿರು ಹಾಳೆಗಳನ್ನು ನೆಲದ ಮೇಲೆ ಹಪ್ಪಳದಂತೆ ಹರಡಿ, ಒಣಗಿದ್ದನ್ನು ಎತ್ತಿ ಕೊಟ್ಟರು. ಗಂಟೆಗೆ 200ರ ಮೇಲೆ ಏರಲಿಲ್ಲ.

"ಅಲ್ಲೇ ತಂಗಿ," ಎಂದಳು ಅವರಲ್ಲಿ ಹಿರಿಯಳು, ಜನವರಿ 8ರ ಹಾಳೆ ಎತ್ತಿ ಹಿಡಿದು. "ಎಳ್ಳಮಾಸಿ ಹಾಳಿಗೂ ಚಂದ್ರನ್ನ ಹೊಡದೀಯಲ್ಲ. ಆ ದೇವರ ಕೈಲೇ ಆಗದ್ದು ನಿನ್ನ ಕೈಲೆ ಆತು ನೋಡು!"

ಆ ಕಡೆ ಯಂತ್ರದಲ್ಲಿ ಮೇಲಚ್ಚು ನಡೆದಿತ್ತು. ಮೊದಲ ಇಪ್ಪತ್ತು ಕಾಗದಗಳಲ್ಲಿ ಚಂದ್ರ ಅಕ್ಷರದ ಮೇಲೆಯೇ ಕೂತ. "ಗ್ರಹಣ ಹಿಡೀತು," ಎಂದು ಅಣ್ಣ ಯಂತ್ರ ನಿಲ್ಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ನಿಲ್ಲಿಸಿ, ಮತ್ತೆ ಸರಿಸಿದ. ಇಪ್ಪತ್ತೊಂದನೆಯದರಲ್ಲಿ ಚಂದ್ರ ಸಂಗತಿಯ ಪಕ್ಕದ ಖಾಲಿ ಜಾಗಕ್ಕೆ ಇಳಿದ. ಅಲ್ಲಿಂದ ಐದು ಫಾರಂ, ಎಂಟು ಹಾಳೆ, ಎಲ್ಲಿಯೂ ತಪ್ಪಲಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಚಂದ್ರ ಎಂದರೆ ಏನೆಂದು ಎಲ್ಲಿ ಹೇಳುವುದು? ಮುಖಪುಟ ಅಚ್ಚಾಗಿ, ಕೊಯ್ದೂ ಆಗಿತ್ತು. ಆಗ ಕೊನೆಯ ಫಾರಂನ ಖಾಲಿ ಹಾಳೆ ನೆನಪಾಯಿತು. ಅದರ ಮೇಲೆ ನಾಲ್ಕು ಸಾಲು ಹಾಕಿದೆ: 'ಗುರುತಿಲ್ಲದ ಸಂಗತಿಗಳು ಇದೇ ತಾರೀಖಿನಂದು ನಡೆದವು. ಚಂದ್ರನ ಗುರುತಿರುವವು ಇದೇ ತಿಥಿಯಂದು ನಡೆದವು. ಅವನ್ನು ಹೇಳಿದವರು ತಿಥಿಯಿಂದಲೇ ನೆನಪಿಟ್ಟಿದ್ದಾರೆ. ನಾವೂ ಹಾಗೆಯೇ ಇಟ್ಟಿದ್ದೇವೆ.' ಹೊಲಿಯುವ ಮೊದಲು ಎಲ್ಲವೂ ಬಿಡಿ ಹಾಳೆಯೇ ತಾನೆ. ಕೊನೆಗೆ ಇರಬೇಕಾದದ್ದನ್ನು ಮುಖಪುಟದ ಕೆಳಗೆ ಸೇರಿಸಿ ಜೋಡಿಸಿದೆವು.

ಮಂಗಳವಾರ, ನವೆಂಬರ್ 27, ಮಧ್ಯಾಹ್ನ 3.40ಕ್ಕೆ ಕೊನೆಯ ಮೊಹರು ಒತ್ತಿದೆ. ಒತ್ತಿದ್ದು 4,500, ಕೆಟ್ಟದ್ದು 97. ಮೊದಲೇ ಹೆಚ್ಚಿಗೆ ಅಚ್ಚು ಹಾಕಿಟ್ಟಿದ್ದರಿಂದ ಒಂದೂ ಕಡಿಮೆ ಬೀಳಲಿಲ್ಲ. ಮಾಲೀಕರು ಬಂದು ಒಂದು ಹಾಳೆ ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಮಸಿ ಹತ್ತಲಿಲ್ಲ. ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ನನ್ನ ಬಲಗೈ ಮಿರ್ಚಿ ಹಿಡಿಯಲಾರದೆ ಎಡಗೈಯಲ್ಲಿ ತಿಂದೆ. ಎಷ್ಟೋ ದಿನಗಳ ಮೇಲೆ ಊಟದ ರುಚಿ ತಿಳಿಯಿತು.

ಡಿಸೆಂಬರ್ 17, ಸೋಮವಾರ, ಗಡುವಿಗೆ ಮೂರು ದಿನ ಮೊದಲು, ಟೆಂಪೋದಲ್ಲಿ ಕ್ಯಾಲೆಂಡರು ಹೇರಿಕೊಂಡು ಕಂಪ್ಲಿಗೆ ಹೋದೆವು. ಮಿಲ್ಲಿನ ಅಂಗಳದಲ್ಲಿ ಭತ್ತದ ಗಾಡಿಗಳು ನಿಂತಿದ್ದವು. ಕಟ್ಟು ಬಿಚ್ಚಿ ಮಿಲ್ಲಿನ ಮಾಲೀಕರು ಮೊದಲ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟರು.

ಅವ್ವನಿಗೆ ಓದು ಬರುವುದಿಲ್ಲ. "ಎಲ್ಲೈತಿ?" ಎಂದರು. ನಾನು ಸೆಪ್ಟೆಂಬರ್ 22 ತೆರೆದೆ. ತಿಥಿ ಓದಿದೆ, ಸಂಗತಿ ಓದಿದೆ. ಚಂದ್ರನ ಮೇಲೆ ಅವರ ಬೆರಳಿಟ್ಟು ತೋರಿಸಿದೆ.

"ಮತ್ತ ಆ ಅಕ್ಟೋಬರ್ ಒಂದು?" ಎಂದರು ಮಗ. ಅದನ್ನೂ ತೆರೆದೆ, ಅಲ್ಲಿ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದಷ್ಟೇ ಇತ್ತು. "ಇರ್ಲಿ ಬಿಡ್ರಿ," ಎಂದರು ಮಗ, "ಅವತ್ತೂ ಒಂದು ಹೋಳಿಗಿ ಊಟ ಹಾಕ್ತೀನಿ."

"ಹಾಕ್ಕೊ. ಎರಡು ಸಲ ಉಣ್ಣು," ಎಂದರು ಅವ್ವ. "ಎಣ್ಣಿ ಮಾತ್ರ ಒಂದಾ ಸಲ."

ಎಲ್ಲರೂ ನಗುತ್ತಿರುವಾಗಲೇ ಅವರು ಸೆಪ್ಟೆಂಬರ್ 22ರ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಮೇಲಿನ ತಗಡಿನ ಪಟ್ಟಿಯಿಂದ ಪರ್ ಎಂದು ಹರಿದರು. ನಾನು ಅಯ್ಯೋ ಎಂದುಬಿಟ್ಟೆ.

"ಏನಾತು?"

"ಅದು ಇನ್ನೂ ಒಂಬತ್ತು ತಿಂಗಳು ಐತ್ರಿ ಅವ್ವಾರ!"

"ಒಂಬತ್ತು ತಿಂಗಳು ಕಾಯೋದು ನನಗ ಹೊಸದೇನು?" ಎಂದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲದಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡರು. "ಉಳಿದದ್ದು ಗ್ವಾಡಿಗೆ ಹಾಕ್ರಿ. ಇದು ನನ್ನತ್ರ ಇರ್ತದ."

ಮರಳುವಾಗ ಟೆಂಪೋದಲ್ಲಿ ಕೂತು ದಿನಚರಿ ಬರೆದೆ. ಒಪ್ಪಿಸಿದ್ದು 1,500. ತಿಥಿಯ ಸಂಗತಿ 41ಕ್ಕೆ 41. ಪೂರ್ತಿ ಇರುವ ಕ್ಯಾಲೆಂಡರು 1,499, ಒಂದು ಹಾಳೆ ಕಡಿಮೆ ಇರುವುದು 1. ಕಾರಣ ಎಂಬ ಕಾಲಂನಲ್ಲಿ 'ಅವ್ವ' ಎಂದು ಬರೆದು, ಪುಸ್ತಕ ಮುಚ್ಚಿ, ಹೊಸಪೇಟೆ ಬರುವವರೆಗೆ ನಿದ್ದೆ ಮಾಡಿದೆ.